ಕಪಾಟಿನಲ್ಲಿ ಧೂಳು ಹಿಡಿಯದ ಬೋರ್ಡ್ ಗೇಮ್ ಆರಿಸುವುದು ಹೇಗೆ?

ಒಂದು ಬೋರ್ಡ್ ಗೇಮ್ ಅಗ್ಗವೋ ದುಬಾರಿಯೋ ಎಂಬುದನ್ನು ಡಬ್ಬಿಯ ಮೇಲಿನ ಬೆಲೆ ನೋಡಿ ಹೇಳಲಾಗದು. ಅದು ಎಷ್ಟು ಸಲ ಮೇಜಿಗೆ ಬರುತ್ತದೆ, ಬಂದಾಗ ಎಷ್ಟು ಜನ ಆಡುತ್ತಾರೆ ಎಂಬುದೇ ಲೆಕ್ಕ. ಆಡಿದ ಸಲಗಳು, ಆಡಿದ ಜನ, ಒಂದು ಆಟದ ಗಂಟೆ ಇವಿಷ್ಟನ್ನೂ ಗುಣಿಸಿ, ಬಂದ ಸಂಖ್ಯೆಯಿಂದ ಬೆಲೆಯನ್ನು ಭಾಗಿಸಿ. ನಾಲ್ಕು ಜನ ಮುಕ್ಕಾಲು ಗಂಟೆಯ ಆಟವನ್ನು 30 ಸಲ ಆಡಿದರೆ 90 ಗಂಟೆಯ ಮನರಂಜನೆ ಸಿಕ್ಕಿತು. ಅದರ ಮೂರನೇ ಒಂದು ಭಾಗ ಬೆಲೆಗೆ ತಂದ ಇನ್ನೊಂದು ಡಬ್ಬಿಯನ್ನು ಅದೇ ನಾಲ್ವರು ಒಂದೊಂದು ಗಂಟೆಯಂತೆ ಎರಡೇ ಸಲ ಆಡಿ ಮೂಲೆಗೆ ಹಾಕಿದರೆ ಸಿಕ್ಕಿದ್ದು 8 ಗಂಟೆ. ಗಂಟೆಯ ಲೆಕ್ಕದಲ್ಲಿ ‘ಅಗ್ಗದ’ ಡಬ್ಬಿಗೆ ಸುಮಾರು ನಾಲ್ಕು ಪಟ್ಟು ಹೆಚ್ಚು ತೆತ್ತಂತಾಯಿತು.

ಹಾಗಾಗಿ ಅಂಗಡಿಗೆ ಹೋಗುವ ಮೊದಲು ಕೇಳಿಕೊಳ್ಳಬೇಕಾದದ್ದು ‘ಯಾವ ಆಟ ಚೆನ್ನಾಗಿದೆ?’ ಎಂದಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಎಷ್ಟು ಜನ ಕೂರುತ್ತಾರೆ, ಎಷ್ಟು ಹೊತ್ತು ಕೂರುತ್ತಾರೆ, ಅವರಲ್ಲಿ ಬೇಗ ಬೇಸರಪಡುವವರು ಯಾರು ಎಂದು ಕೇಳಿಕೊಳ್ಳಬೇಕು.

ಮೊದಲು ತಲೆ ಎಣಿಸಿ

ಹಬ್ಬಕ್ಕೋ ರಜೆಗೋ ಒಮ್ಮೆ ಸೇರುವ ಹತ್ತು ಜನರನ್ನು ಮನಸ್ಸಿನಲ್ಲಿಟ್ಟುಕೊಂಡು ಆಟ ತಂದರೆ, ಉಳಿದ ದಿನವೆಲ್ಲ ಮೂರೇ ಜನ ಇರುವ ಮನೆಯಲ್ಲಿ ಅದು ತೆರೆಯುವುದೇ ಇಲ್ಲ. ಕಳೆದ ಕೆಲವು ತಿಂಗಳಲ್ಲಿ ಮೇಜಿನ ಸುತ್ತ ನಿಜವಾಗಿ ಕೂತವರು ಎಷ್ಟು ಮಂದಿ ಎಂದು ನೆನಪಿಸಿಕೊಂಡು ಆ ಸಂಖ್ಯೆಗೆ ಮೊದಲ ಡಬ್ಬಿ ಕೊಳ್ಳಿ.

ಡಬ್ಬಿಯ ಮೇಲೆ ‘2–5’ ಎಂದಿದ್ದರೆ ಅಷ್ಟು ಜನ ಆಡಲು ನಿಯಮ ಒಪ್ಪುತ್ತದೆ ಎಂದರ್ಥವೇ ಹೊರತು ಅಷ್ಟೂ ಸಂಖ್ಯೆಯಲ್ಲಿ ಆಟ ಒಂದೇ ರೀತಿ ರಂಜಿಸುತ್ತದೆ ಎಂದಲ್ಲ. ಕಾರ್ಕಸೋನ್ ತೆಗೆದುಕೊಳ್ಳಿ. ಅದರಲ್ಲಿರುವುದು ಚೌಕಾಕಾರದ 72 ಬಿಲ್ಲೆಗಳು. ಒಂದು ಬಿಲ್ಲೆ ಆರಂಭದಲ್ಲೇ ಮೇಜಿನ ಮೇಲಿರುತ್ತದೆ, ಉಳಿದ 71ನ್ನು ಸರದಿಯಂತೆ ಒಂದೊಂದಾಗಿ ತೆಗೆದು ಜೋಡಿಸಬೇಕು. ಇಬ್ಬರೇ ಆಡಿದರೆ ಒಬ್ಬೊಬ್ಬರಿಗೆ 35 ಸರದಿ, ಐವರು ಆಡಿದರೆ 14. ಇಬ್ಬರ ಆಟ ಪಕ್ಕಾ ಲೆಕ್ಕಾಚಾರದ ಜಗಳ. ಐವರ ಆಟದಲ್ಲಿ ಯೋಜನೆ ಹಾಕಿ ಪ್ರಯೋಜನವಿಲ್ಲ, ಬಂದದ್ದನ್ನು ಬಂದಂತೆ ಸಂಭಾಳಿಸಬೇಕು. ಬಣ್ಣದ ತುಂಡುಗಳನ್ನು ಹಲಗೆಯ ಮೇಲೆ ಜೋಡಿಸುವ ಬ್ಲೋಕಸ್ ಆಟದ ಡಬ್ಬಿ 2–4 ಎನ್ನುತ್ತದೆ, ಆದರೆ ಮೂವರು ಕೂತರೆ ನಾಲ್ಕನೇ ಬಣ್ಣವನ್ನು ಮೂವರೂ ಸರದಿಯಲ್ಲಿ ಆಡಿಸಬೇಕಾಗುತ್ತದೆ, ಅದು ಹೊಂದಾಣಿಕೆಯ ಏರ್ಪಾಡಷ್ಟೇ. ಅದನ್ನು ಇಬ್ಬರಿಗೋ ನಾಲ್ವರಿಗೋ ಎಂದು ಕೊಳ್ಳಬೇಕು. ದ್ವೀಪದಲ್ಲಿ ರಸ್ತೆ, ವಸತಿ ಕಟ್ಟುವ ಕ್ಯಾಟನ್ ಆಟದ ಮೂಲ ಡಬ್ಬಿ 3–4 ಜನರಿಗೆ ಮಾತ್ರ. ಇಬ್ಬರೇ ಇರುವ ಮನೆಗೆ ಅದನ್ನು ಉಡುಗೊರೆ ಕೊಡುವವರು ಇಂದಿಗೂ ಇದ್ದಾರೆ.

ಬೋರ್ಡ್‌ಗೇಮ್‌ಗೀಕ್ ಎಂಬ ಜಾಲತಾಣದಲ್ಲಿ ಪ್ರತಿ ಆಟದ ಪುಟದಲ್ಲೂ, ಎಷ್ಟು ಜನರಿದ್ದರೆ ಅದು ಅತ್ಯುತ್ತಮ ಎಂದು ಆಡಿದವರೇ ಮತ ಹಾಕಿರುತ್ತಾರೆ. ಒಟ್ಟಾರೆ ಅಂಕಕ್ಕಿಂತ ಕೊಳ್ಳುವವರಿಗೆ ಇದೇ ಹೆಚ್ಚು ಉಪಯುಕ್ತ. ಅಂಕ ಹಾಕುವವರಲ್ಲಿ ಹೆಚ್ಚಿನವರು ವಾರವಾರವೂ ಆಡುವ ಹುಚ್ಚಿನವರು. ಅವರು ಹೊಗಳುವ ಮೂರು ಗಂಟೆಯ ಆಟ ನಿಮ್ಮ ಮನೆಯಲ್ಲಿ ಒಂದು ಗಂಟೆಗೇ ನಿಂತುಹೋಗಬಹುದು.

ಜನ ಹೆಚ್ಚಿದಂತೆ ಕಾಯುವ ಹೊತ್ತೂ ಹೆಚ್ಚುತ್ತದೆ. ಎಂಟು ಜನ, ಒಬ್ಬೊಬ್ಬರ ಸರದಿಗೆ ಎರಡು ನಿಮಿಷ ಎಂದಿಟ್ಟುಕೊಳ್ಳಿ. ನಿಮ್ಮ ಸರದಿ ಮುಗಿದು ಮತ್ತೆ ಬರಲು 14 ನಿಮಿಷ. ಅಷ್ಟರಲ್ಲಿ ಕೈ ಮೊಬೈಲಿಗೆ ಹೋಗಿಯೇ ಹೋಗುತ್ತದೆ. ಆದ್ದರಿಂದ ಆರಕ್ಕಿಂತ ಹೆಚ್ಚು ಜನರಿದ್ದರೆ ಒಬ್ಬರಾದ ಮೇಲೆ ಒಬ್ಬರು ಆಡುವ ಆಟಗಳನ್ನು ಬಿಟ್ಟುಬಿಡಿ. ಎಲ್ಲರೂ ಒಟ್ಟಿಗೇ ಆಡುವಂಥವು ಅಥವಾ ಎರಡು ತಂಡಗಳಾಗಿ ಆಡುವಂಥವು ಬೇಕು. ಸಿಕ್ಸ್ ನಿಮ್ಟ್ ಎಂಬ 1994ರ ಜರ್ಮನ್ ಕಾರ್ಡ್ ಆಟದಲ್ಲಿ ಎಲ್ಲರೂ ಒಂದೇ ಸಲ ಕಾರ್ಡ್ ಮುಚ್ಚಿಟ್ಟು, ಒಂದೇ ಸಲ ತೆರೆಯುತ್ತಾರೆ. 104 ಕಾರ್ಡು, 10 ಜನರವರೆಗೆ ಆಡಬಹುದು. ಆದರೆ ಹತ್ತು ಜನ ಕೂತರೆ ಶುದ್ಧ ಗದ್ದಲ, ನಾಲ್ಕರಿಂದ ಆರು ಜನರಲ್ಲಿ ಚೆನ್ನ. ಎಂಟು ಜನರಿದ್ದಾಗ ಇನ್ನೊಂದು ದಾರಿಯೂ ಇದೆ: ಎರಡು ಮೇಜು, ಎರಡು ಚಿಕ್ಕ ಆಟ. ಅರ್ಧ ಗಂಟೆಯ ನಂತರ ಜಾಗ ಬದಲಿಸಿಕೊಂಡರಾಯಿತು. ಇದು ಬಹಳ ಮಂದಿಗೆ ಹೊಳೆಯುವುದಿಲ್ಲ, ಎಲ್ಲರೂ ಒಂದೇ ಮೇಜಿನಲ್ಲಿರಬೇಕೆಂಬ ಹಟ.

ಸಮಯ ಮತ್ತು ತೂಕ

ಡಬ್ಬಿಯ ಮೇಲೆ ಬರೆದ ಸಮಯ ಆಟ ಗೊತ್ತಿರುವವರದ್ದು. ಮೊದಲ ಸಲ ಅದರ ಒಂದೂವರೆಯಿಂದ ಎರಡು ಪಟ್ಟು ಹಿಡಿಯಿರಿ. ಅದರ ಮೇಲೆ ಹರಡಿ ಜೋಡಿಸಲು ಹತ್ತು ನಿಮಿಷ, ಹೇಳಿಕೊಡಲು ಹತ್ತರಿಂದ ಇಪ್ಪತ್ತು ನಿಮಿಷ. 45 ನಿಮಿಷ ಎಂದು ಬರೆದಿರುವ ಪ್ಯಾಂಡೆಮಿಕ್ (ಎಲ್ಲರೂ ಸೇರಿ ರೋಗ ಹರಡದಂತೆ ತಡೆಯುವ ಆಟ) ಹೊಸಬರ ಗುಂಪಿಗೆ ಮೊದಲ ದಿನ ಒಂದೂವರೆ ಗಂಟೆ ತೆಗೆದುಕೊಂಡರೆ ಆಶ್ಚರ್ಯವಿಲ್ಲ.

ಆಟದ ಜಟಿಲತೆಗೆ ಆಡುವವರು ‘ತೂಕ’ ಎನ್ನುತ್ತಾರೆ. ಬೋರ್ಡ್‌ಗೇಮ್‌ಗೀಕ್‌ನಲ್ಲಿ ಇದು 1ರಿಂದ 5ರವರೆಗಿನ ಅಳತೆ. ಕೋಡ್‌ನೇಮ್ಸ್ ಒಂದೂಕಾಲರ ಆಸುಪಾಸು, ಊರಿಂದೂರಿಗೆ ರೈಲು ಹಳಿ ಜೋಡಿಸುವ ಟಿಕೆಟ್ ಟು ರೈಡ್ ಎರಡಕ್ಕಿಂತ ತುಸು ಕೆಳಗೆ, ಕ್ಯಾಟನ್ ಎರಡಕ್ಕಿಂತ ತುಸು ಮೇಲೆ. ಹಿಂದೆ ಲೂಡೋ, ಹಾವು-ಏಣಿ ಮಾತ್ರ ಆಡಿದ ಮನೆಗೆ 2ರ ಒಳಗಿನದ್ದನ್ನೇ ತನ್ನಿ. ಇಸ್ಪೀಟಿನಲ್ಲಿ ಪಳಗಿದವರಿದ್ದರೆ ಎರಡೂವರೆಯವರೆಗೆ ಹೋಗಬಹುದು. ಮೂರು ದಾಟಿದ್ದನ್ನು ಮೊದಲ ಡಬ್ಬಿಯಾಗಿ ಕೊಳ್ಳಬೇಡಿ, ಎಷ್ಟೇ ರಿಯಾಯಿತಿ ಇರಲಿ.

ಇನ್ನೊಂದು ಸುಲಭ ಗುರುತು ಜರ್ಮನಿಯ ‘ಸ್ಪೀಲ್ ಡೆಸ್ ಯಾರೆಸ್’ ಪ್ರಶಸ್ತಿ. 1979ರಿಂದ ಪ್ರತಿವರ್ಷ ಕೊಡುತ್ತಾರೆ, ಗೆದ್ದ ಆಟದ ಡಬ್ಬಿಯ ಮೇಲೆ ಆಟದ ಕಾಯಿಯ ಚಿತ್ರವಿರುವ ಮುದ್ರೆ ಬೀಳುತ್ತದೆ. ಕೆಂಪು ಕಾಯಿ ಎಂದರೆ ಇಡೀ ಕುಟುಂಬಕ್ಕೆ, ನೀಲಿ ಎಂದರೆ ಮಕ್ಕಳಿಗೆ, ಕಪ್ಪು-ಬೂದು ಎಂದರೆ ಈಗಾಗಲೇ ಕೆಲವು ಆಟ ಬಲ್ಲವರಿಗೆ. ಕ್ಯಾಟನ್ (1995), ಕಾರ್ಕಸೋನ್ (2001), ಟಿಕೆಟ್ ಟು ರೈಡ್ (2004), ಕ್ವರ್ಕಲ್ (2011), ಹನಾಬಿ (2013), ಕೋಡ್‌ನೇಮ್ಸ್ (2016), ಅಝುಲ್ (2018), ಜಸ್ಟ್ ಒನ್ (2019) ಇವೆಲ್ಲ ಕೆಂಪು ಕಾಯಿಯವು. ಏನೂ ತಿಳಿಯದೆ ಕೊಳ್ಳುವುದಾದರೆ ಕೆಂಪು ಕಾಯಿ ಹುಡುಕುವುದು ಕಣ್ಣುಮುಚ್ಚಿ ಆರಿಸುವುದಕ್ಕಿಂತ ಎಷ್ಟೋ ಮೇಲು.

ಮೇಜಿನ ಸುತ್ತ ಯಾರಿದ್ದಾರೆ?

ವಯಸ್ಸಿನ ಗುರುತನ್ನು ಎರಡು ರೀತಿ ಓದಬೇಕು. ‘ಮೂರು ವರ್ಷದೊಳಗಿನವರಿಗಲ್ಲ’ ಎಂಬುದು ಸುರಕ್ಷತೆಯ ಮಾತು, ಚಿಕ್ಕ ಕಾಯಿಗಳು ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಅದನ್ನು ಮೀರಬಾರದು. ಆದರೆ ‘14+’ ಎಂದಿರುವುದು ಅನೇಕ ಸಲ ಬೇರೆ ಕಾರಣಕ್ಕೆ: ಮಕ್ಕಳ ಆಟಿಕೆಗೆ ಕಡ್ಡಾಯವಾದ ಪರೀಕ್ಷೆಗಳ ಖರ್ಚು ಬೇಡವೆಂದು ಕೆಲವು ಪ್ರಕಾಶಕರು ವಯಸ್ಸು ಏರಿಸಿಬಿಡುತ್ತಾರೆ. ಅಂಥ ಆಟವನ್ನು ಹತ್ತು ವರ್ಷದ ಮಗು ಆರಾಮಾಗಿ ಆಡಬಹುದು. ನಿಯಮ ಪುಸ್ತಿಕೆ ಓದಿ ನೀವೇ ತೀರ್ಮಾನಿಸಿ. ಹೆಚ್ಚಿನ ಪ್ರಕಾಶಕರು ಪುಸ್ತಿಕೆಯ ಪಿಡಿಎಫ್ ಅನ್ನು ಪುಕ್ಕಟೆ ಕೊಡುತ್ತಾರೆ.

ಹಿರಿಯರು, ಮಕ್ಕಳು ಒಟ್ಟಿಗೆ ಕೂರುವಲ್ಲಿ ಅದೃಷ್ಟಕ್ಕೂ ಸ್ವಲ್ಪ ಪಾಲಿರಬೇಕು. ಚದುರಂಗ ಶ್ರೇಷ್ಠ ಆಟವೇ, ಆದರೆ ಬಲ್ಲವರು ಪ್ರತಿ ಸಲವೂ ಗೆಲ್ಲುತ್ತಾರೆ. ನಾಲ್ಕನೇ ಸಲಕ್ಕೆ ಮಗು ‘ನಾ ಒಲ್ಲೆ’ ಎನ್ನುತ್ತದೆ. ಅದೃಷ್ಟವೇ ಎಲ್ಲವೂ ಆದ ಹಾವು-ಏಣಿಯಲ್ಲಿ ದೊಡ್ಡವರಿಗೆ ಕೆಲಸವೇ ಇಲ್ಲ. ಟಿಕೆಟ್ ಟು ರೈಡ್, ಕ್ವರ್ಕಲ್, ರಮ್ಮಿಕಬ್ ಇವೆರಡರ ನಡುವೆ ನಿಲ್ಲುತ್ತವೆ. ಏನು ಕೈಗೆ ಬರುತ್ತದೆ ಎಂಬುದು ಅದೃಷ್ಟ, ಬಂದದ್ದನ್ನು ಹೇಗೆ ಬಳಸುತ್ತೀರಿ ಎಂಬುದು ಜಾಣ್ಮೆ.

ನಡುವೆಯೇ ಔಟ್ ಆಗುವ ಆಟಗಳ ಬಗ್ಗೆ ಎಚ್ಚರ. ಹತ್ತು ನಿಮಿಷದ ಸುತ್ತಿನಲ್ಲಿ ಔಟ್ ಆದರೆ ಯಾರಿಗೂ ಬೇಸರವಿಲ್ಲ, ಎರಡು ಗಂಟೆಯ ಆಟದಲ್ಲಿ ಮೊದಲ ಅರ್ಧ ಗಂಟೆಗೇ ಔಟ್ ಆದವರು ಮುಂದಿನ ಸಲ ಕರೆದರೆ ಬರುವುದಿಲ್ಲ. ಮೊನೊಪೊಲಿಯ ಮೇಲಿನ ದೂರು ಮುಖ್ಯವಾಗಿ ಇದೇ. ಆ ಡಬ್ಬಿ ಈಗಾಗಲೇ ಮನೆಯಲ್ಲಿದ್ದರೆ ಎಸೆಯಬೇಕಿಲ್ಲ, ಅದನ್ನು ಪುಸ್ತಿಕೆಯಲ್ಲಿರುವಂತೆ ಆಡಿ ನೋಡಿ. ಬಂದು ನಿಂತ ಜಾಗವನ್ನು ಆಟಗಾರ ಕೊಳ್ಳದಿದ್ದರೆ ಕೂಡಲೇ ಹರಾಜು ಹಾಕಬೇಕು, ಇದನ್ನು ಹೆಚ್ಚಿನ ಮನೆಗಳಲ್ಲಿ ಬಿಟ್ಟುಬಿಡುತ್ತಾರೆ. ದಂಡದ ಹಣವನ್ನು ನಡುವೆ ಗುಡ್ಡೆ ಹಾಕಿ ‘ಫ್ರೀ ಪಾರ್ಕಿಂಗ್’ಗೆ ಬಂದವರಿಗೆ ಕೊಡುವುದು ನಿಯಮದಲ್ಲೇ ಇಲ್ಲ. ಹರಾಜು ಬಿಟ್ಟರೆ ಜಾಗಗಳು ಬೇಗ ಮಾರಾಟವಾಗುವುದಿಲ್ಲ, ಗುಡ್ಡೆಯ ಹಣ ದಿವಾಳಿಯಾಗಬೇಕಾದವರನ್ನು ಮತ್ತೆ ಎಬ್ಬಿಸಿ ಕೂರಿಸುತ್ತದೆ. ಆಟ ಎಳೆದಾಡುವುದಕ್ಕೆ ಈ ಎರಡು ಮನೆ ನಿಯಮಗಳೇ ಕಾರಣ. ಮನೆಗಳೂ ಇರುವುದು 32, ಹೋಟೆಲು 12. ಮುಗಿದರೆ ಮುಗಿಯಿತು, ಕಾಗದದ ಚೂರು ಇಟ್ಟು ಮನೆ ಎನ್ನಬಾರದು.

ಸೋಲನ್ನು ತಡೆಯದ ಮಕ್ಕಳಿದ್ದರೆ ಎಲ್ಲರೂ ಒಂದೇ ಪಕ್ಷದಲ್ಲಿ ನಿಂತು ಆಟದ ವಿರುದ್ಧವೇ ಆಡುವ ಸಹಕಾರಿ ಆಟಗಳು ಒಳ್ಳೆಯವು. ಫರ್ಬಿಡನ್ ಐಲ್ಯಾಂಡ್ (2010) ಅದರಲ್ಲಿ ಹಗುರವಾದದ್ದು: 24 ಬಿಲ್ಲೆಗಳ ದ್ವೀಪ ಮುಳುಗುವ ಮೊದಲು ನಾಲ್ಕು ನಿಧಿ ಹೊತ್ತು ಹಾರಿಹೋಗಬೇಕು, ಅರ್ಧ ಗಂಟೆ ಸಾಕು. ಆದರೆ ಇಂಥ ಆಟಗಳಿಗೆ ಒಂದು ಕಾಯಿಲೆ ಉಂಟು. ಎಲ್ಲರ ಕಾರ್ಡೂ ಎಲ್ಲರಿಗೂ ಕಾಣುವುದರಿಂದ ಜೋರು ದನಿಯ ಒಬ್ಬರು ಎಲ್ಲರ ಸರದಿಯನ್ನೂ ತಾವೇ ಆಡುತ್ತಾರೆ, ಉಳಿದವರು ಕಾಯಿ ಸರಿಸುವ ಕೂಲಿಯವರಾಗುತ್ತಾರೆ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಮಾತಿಗೆ ಕಡಿವಾಣವಿರುವ ಸಹಕಾರಿ ಆಟ ತನ್ನಿ. ಹನಾಬಿಯಲ್ಲಿ ನಿಮ್ಮ ಕಾರ್ಡು ನಿಮಗೇ ಕಾಣದಂತೆ ಹೊರಮುಖ ಮಾಡಿ ಹಿಡಿಯಬೇಕು. ‘ದಿ ಕ್ರೂ’ ಆಟದಲ್ಲಿ ಕೈಲಿರುವುದೇನೆಂದು ಬಾಯಿಬಿಟ್ಟು ಹೇಳುವಂತಿಲ್ಲ. ಇಸ್ಪೀಟಿನಲ್ಲಿ ಪಟ್ಟು ಗೆಲ್ಲುವ ಆಟ ಗೊತ್ತಿದ್ದವರು ‘ದಿ ಕ್ರೂ’ವನ್ನು ಬೇಗ ಹಿಡಿಯುತ್ತಾರೆ. 50 ಹಂತಗಳಿರುವುದರಿಂದ ಆ ಚಿಕ್ಕ ಡಬ್ಬಿ ಬಹಳ ದಿನ ಬರುತ್ತದೆ.

ಕಣ್ಣಿನ ವಿಷಯವನ್ನೂ ಮರೆಯಬೇಡಿ. ಕೆಂಪು-ಹಸಿರು ಬೇರ್ಪಡಿಸಲಾಗದವರು, ಸಣ್ಣ ಅಕ್ಷರ ಓದಲಾಗದವರು ಇದ್ದರೆ ಬಣ್ಣದ ಜತೆ ಆಕಾರ ಅಥವಾ ಚಿಹ್ನೆಯೂ ಇರುವ ಆಟವೇ ಬೇಕು. ಟಿಕೆಟ್ ಟು ರೈಡ್ ಕಾರ್ಡುಗಳಲ್ಲಿ ಪ್ರತಿ ಬಣ್ಣಕ್ಕೂ ಬೇರೆ ಚಿಹ್ನೆ ಇದೆ. ಮೇಜು ಚಿಕ್ಕದಾದರೆ ಅದನ್ನೂ ಅಳೆಯಿರಿ: ಟಿಕೆಟ್ ಟು ರೈಡ್ ಹಲಗೆ ಬಿಚ್ಚಿದರೆ ಸುಮಾರು 80 ಸೆಂ.ಮೀ. ಉದ್ದ, ಸುತ್ತ ಕಾರ್ಡಿಗೂ ಜಾಗ ಬೇಕು.

ಭಾಷೆಯ ತೊಡಕು, ಮತ್ತು ಕನ್ನಡದ್ದೇ ಒಂದು ಕಟ್ಟು

ಅಝುಲ್, ಕಾರ್ಕಸೋನ್, ಬ್ಲೋಕಸ್, ಕ್ವರ್ಕಲ್ ಆಡುವಾಗ ಓದುವುದಕ್ಕೆ ಏನೂ ಇಲ್ಲ. ಒಬ್ಬರು ನಿಯಮ ತಿಳಿದು ಹೇಳಿಕೊಟ್ಟರೆ ಅಕ್ಷರ ಬಾರದವರೂ ಆಡಬಹುದು. ಕಾರ್ಡಿನ ತುಂಬ ಇಂಗ್ಲಿಷ್ ವಾಕ್ಯಗಳಿರುವ ಆಟವಾದರೆ ಅಜ್ಜಿ ಪ್ರತಿ ಸಲವೂ ಮೊಮ್ಮಗನಿಗೆ ಕಾರ್ಡು ತೋರಿಸಿ ಕೇಳಬೇಕು. ಗುಟ್ಟು ಉಳಿಯುವುದೇ ಇಲ್ಲ.

ಪದಗಳ ಆಟಗಳಿಗೆ ಒಳ್ಳೆಯ ಉಪಾಯವೊಂದಿದೆ: ಮನೆ ಬಳಕೆಗೆ ಕನ್ನಡದ ಕಟ್ಟನ್ನು ನೀವೇ ಮಾಡಿಕೊಳ್ಳುವುದು. ಕೋಡ್‌ನೇಮ್ಸ್ ಇದಕ್ಕೆ ಬಹಳ ಒಗ್ಗುತ್ತದೆ. ಆಟ ಇಷ್ಟೇ. 25 ಪದಗಳನ್ನು ಐದರ ಐದು ಸಾಲಿನಲ್ಲಿ ಹರಡುತ್ತಾರೆ. ಎರಡು ತಂಡ, ತಂಡಕ್ಕೊಬ್ಬ ನಾಯಕ. ಯಾವ ಪದ ಯಾರದ್ದು ಎಂಬ ನಕ್ಷೆ ನಾಯಕರಿಬ್ಬರಿಗೆ ಮಾತ್ರ ಕಾಣುತ್ತದೆ. ನಾಯಕ ಒಂದು ಸುಳಿವು ಪದ ಮತ್ತು ಒಂದು ಸಂಖ್ಯೆ ಹೇಳುತ್ತಾನೆ, ತಂಡದವರು ಅದಕ್ಕೆ ಹೊಂದುವ ಅಷ್ಟು ಪದಗಳನ್ನು ಹುಡುಕುತ್ತಾರೆ. 25ರಲ್ಲಿ ಒಂದು ‘ಕೊಲೆಗಾರ’ನ ಪದ, ಅದನ್ನು ಮುಟ್ಟಿದ ತಂಡ ಅಲ್ಲಿಗೇ ಸೋತಿತು.

ಬೇಕಾದದ್ದು: 250–300 ಜಿಎಸ್‌ಎಂ ದಪ್ಪದ ಕಾಗದ, ಕತ್ತರಿ, ಬಾಲ್‌ಪೆನ್, ಕೆಂಪು-ನೀಲಿ-ಕಪ್ಪು ಸ್ಕೆಚ್ ಪೆನ್, ಎರಡು ಬಣ್ಣದ ಗುಂಡಿ ಅಥವಾ ಕಾಗದದ ಚೂರು.

ಕಾಗದವನ್ನು 4 × 6 ಸೆಂ.ಮೀ. ಅಳತೆಯಲ್ಲಿ 100 ಚೂರು ಕತ್ತರಿಸಿ. ಒಂದೊಂದರಲ್ಲಿ ಒಂದೇ ಪದವನ್ನು ಎರಡು ಸಲ ಬರೆಯಿರಿ, ಎರಡನೆಯದು ತಲೆಕೆಳಗಾಗಿ. ಆಗ ಮೇಜಿನ ಎರಡೂ ಬದಿಯವರಿಗೆ ಓದಬಹುದು. ಪದಗಳ ಆಯ್ಕೆಯಲ್ಲೇ ಆಟದ ಜೀವ ಇರುವುದು. ಎಲ್ಲರಿಗೂ ಗೊತ್ತಿರುವ, ಸಾಧ್ಯವಾದರೆ ಒಂದಕ್ಕಿಂತ ಹೆಚ್ಚು ಅರ್ಥವಿರುವ ಪದ ಹುಡುಕಿ: ಕಾಲು, ನೆರೆ, ಹತ್ತು, ಅಡಿ, ಎಲೆ, ಕರಿ, ಹೊಳೆ, ಕಟ್ಟು. ಜತೆಗೆ ಕನ್ನಡಿ, ಸೇತುವೆ, ಬಲೆ, ಗಡಿಯಾರದಂಥ ನೇರ ಹೆಸರುಗಳನ್ನು ಬೆರೆಸಿ. ಬರೀ ಪ್ರಾಣಿಗಳು ಅಥವಾ ಬರೀ ಹಣ್ಣುಗಳು ತುಂಬಿದರೆ ‘ಪ್ರಾಣಿ, ಐದು’ ಎಂದು ಒಂದೇ ಸುಳಿವಿಗೆ ಆಟ ಮುಗಿಯುತ್ತದೆ. ಒಂದು ವರ್ಗದಿಂದ ನೂರಕ್ಕೆ ಆರೇಳು ಪದ ಸಾಕು.

ಇನ್ನು ನಕ್ಷೆ. ಚೌಕಾಕಾರದ ಕಾಗದದಲ್ಲಿ 25 ಮನೆ ಗೆರೆ ಎಳೆದು ಎಲ್ಲೆಂದರಲ್ಲಿ 9 ಕೆಂಪು, 8 ನೀಲಿ, 1 ಕಪ್ಪು (ಕೊಲೆಗಾರ) ತುಂಬಿ, 7 ಖಾಲಿ (ಯಾರದ್ದೂ ಅಲ್ಲ) ಬಿಡಿ. 9 ಇರುವ ತಂಡವೇ ಮೊದಲು ಸುಳಿವು ಕೊಡುತ್ತದೆ, ಅಂಚಿನಲ್ಲಿ ಆ ಬಣ್ಣದ ಚುಕ್ಕೆ ಇಡಿ. ಇಂಥ ಹತ್ತು ನಕ್ಷೆ ಮಾಡಿದರೆ ಸಾಕು (ಐದರಲ್ಲಿ ಕೆಂಪು 9, ಐದರಲ್ಲಿ ನೀಲಿ 9). ಒಂದೊಂದನ್ನೂ ನಾಲ್ಕು ದಿಕ್ಕಿಗೆ ತಿರುಗಿಸಬಹುದಾದ್ದರಿಂದ 40 ಬೇರೆ ಬೇರೆ ಆಟ ಸಿಗುತ್ತವೆ.

ಎಡವುವುದು ಎಲ್ಲಿ? ತೆಳು ಕಾಗದದಲ್ಲಿ ಮಾಡಿದ ನಕ್ಷೆಯ ಬಣ್ಣ ಹಿಂಬದಿಗೆ ಇಂಗಿ ಎದುರಿಗಿದ್ದವರಿಗೆ ಕಾಣುತ್ತದೆ. ದಪ್ಪ ಕಾಗದ ಇಲ್ಲದಿದ್ದರೆ ಎರಡು ಹಾಳೆ ಅಂಟಿಸಿ. ಇನ್ನೊಂದು ತಕರಾರು ಕನ್ನಡದ ವ್ಯಾಕರಣದಿಂದ ಬರುತ್ತದೆ. ಸುಳಿವು ಒಂದೇ ಪದವಾಗಿರಬೇಕು, ಆದರೆ ಪ್ರತ್ಯಯ ಹಚ್ಚಿ, ಸಮಾಸ ಮಾಡಿ ಎಷ್ಟು ಉದ್ದದ ‘ಒಂದು ಪದ’ವನ್ನೂ ಕಟ್ಟಬಹುದು. ಆಡುವ ಮೊದಲೇ ಎರಡು ಮಾತು ಒಪ್ಪಿಕೊಂಡುಬಿಡಿ: ವಿಭಕ್ತಿ ಪ್ರತ್ಯಯವಿಲ್ಲದ ಮೂಲ ರೂಪವನ್ನೇ ಹೇಳಬೇಕು, ಸಮಾಸಪದ ನಿಘಂಟಿನಲ್ಲಿದ್ದರೆ ಮಾತ್ರ ಸಲ್ಲುತ್ತದೆ. ಮೇಜಿನ ಮೇಲೆ ‘ಓಟ’ ಇದ್ದರೆ ‘ಓಡು’ ಎಂದು ಸುಳಿವು ಕೊಡುವಂತಿಲ್ಲ, ಒಂದೇ ಧಾತುವಿನಿಂದ ಬಂದವು. ಈ ಮೂರು ಗೆರೆ ಎಳೆಯದಿದ್ದರೆ ಆಟಕ್ಕಿಂತ ವಾದವೇ ಹೆಚ್ಚಾಗುತ್ತದೆ.

ಅದೇ ನೂರು ಪದಗಳನ್ನು ಜಸ್ಟ್ ಒನ್ ಮಾದರಿಯ ಆಟಕ್ಕೂ ಬಳಸಬಹುದು. ಒಬ್ಬರು ಪದ ನೋಡದೆ ಕೂರುತ್ತಾರೆ, ಉಳಿದವರು ಒಂದೊಂದು ಸುಳಿವನ್ನು ಚೀಟಿಯಲ್ಲಿ ಗುಟ್ಟಾಗಿ ಬರೆಯುತ್ತಾರೆ. ಇಬ್ಬರ ಸುಳಿವು ಒಂದೇ ಆದರೆ ಎರಡೂ ರದ್ದು. ಉಳಿದ ಸುಳಿವುಗಳಿಂದ ಪದ ಊಹಿಸಬೇಕು, 13 ಪದಗಳಿಗೆ ಒಂದು ಆಟ. 3–7 ಜನ ಎಂದು ಡಬ್ಬಿ ಹೇಳಿದರೂ ಐದರ ಮೇಲೆಯೇ ಸೊಗಸು, ಕಡಿಮೆ ಜನರಿದ್ದರೆ ಸುಳಿವುಗಳು ಡಿಕ್ಕಿ ಹೊಡೆಯುವುದೇ ಅಪರೂಪ.

ಕೊಳ್ಳದೆಯೇ ಆಡುವಂಥವು

ಒಂದು ಕಟ್ಟು ಇಸ್ಪೀಟು, ಐದಾರು ದಾಳ, ಕಾಗದ-ಪೆನ್ಸಿಲ್ ಇಷ್ಟಿದ್ದರೆ ತಿಂಗಳುಗಟ್ಟಲೆ ಹೊಸ ಡಬ್ಬಿ ಬೇಕಾಗುವುದಿಲ್ಲ. ‘ಸ್ಕಲ್’ ಎಂಬ ಬೊಗಳೆ ಬಿಡುವ ಆಟಕ್ಕೆ ಒಬ್ಬೊಬ್ಬರಿಗೆ ಮೂರು ಕೆಂಪು ಎಲೆ, ಒಂದು ಕಪ್ಪು ಎಲೆ ಕೊಟ್ಟರೆ ಆಯಿತು, ಆರು ಜನರಿಗೆ ಒಂದೇ ಕಟ್ಟು ಸಾಕು. ಎಲ್ಲರೂ ಒಂದೊಂದು ಎಲೆ ಮುಚ್ಚಿಡುತ್ತಾರೆ. ಸರದಿ ಬಂದಾಗ ಇನ್ನೊಂದನ್ನು ಅದರ ಮೇಲೆ ಇಡಬಹುದು, ಇಲ್ಲವೇ ‘ಕಪ್ಪು ಬಾರದಂತೆ ಇಷ್ಟು ಎಲೆ ತೆರೆಯುತ್ತೇನೆ’ ಎಂದು ಪಂಥ ಕಟ್ಟಬಹುದು. ಹೆಚ್ಚು ಕೂಗಿದವರು ಮೊದಲು ತಮ್ಮ ಎಲೆಗಳನ್ನೇ ಪೂರ್ತಿ ತೆರೆಯಬೇಕು, ಆಮೇಲೆ ಬೇರೆಯವರದ್ದು. ಕಪ್ಪು ಸಿಕ್ಕಿದರೆ ಒಂದು ಎಲೆ ಕಳೆದುಕೊಳ್ಳುತ್ತಾರೆ, ಎರಡು ಸಲ ಪಂಥ ಗೆದ್ದವರು ಆಟ ಗೆದ್ದಂತೆ. ಮಡಿಕೆ ಬಿದ್ದ ಹಳೇ ಕಟ್ಟು ಇದಕ್ಕೆ ಬೇಡ, ಹಿಂಬದಿಯಿಂದಲೇ ಗುರುತು ಸಿಗುತ್ತದೆ.

ಎಂಟಕ್ಕಿಂತ ಹೆಚ್ಚು ಜನರಿದ್ದರೆ ಮಾಫಿಯಾ (ಗುಂಪಿನಲ್ಲಿ ಅಡಗಿರುವ ಕೊಲೆಗಾರರನ್ನು ಉಳಿದವರು ಪತ್ತೆಹಚ್ಚುವ ಆಟ) ಆಡಬಹುದು, ಪಾತ್ರ ಹಂಚಲು ಇಸ್ಪೀಟೇ ಸಾಕು. ಔಟ್ ಆದವರು ಸುಮ್ಮನೆ ಕೂರಬೇಕಾಗುವುದು ಅದರ ದೋಷ, ಒಂದು ಸುತ್ತನ್ನು 20 ನಿಮಿಷದಲ್ಲಿ ಮುಗಿಸಿಬಿಡಿ.

ಹಳೆಯ ಆಟಗಳನ್ನು ‘ಮಕ್ಕಳದ್ದು’ ಎಂದು ತಳ್ಳಿಹಾಕಬಾರದು. ಚೌಕಾಬಾರಕ್ಕೆ ಐದರ ಐದು ಮನೆಯ ಗೆರೆ, ನಾಲ್ಕು ಕವಡೆ, ತಲಾ ನಾಲ್ಕು ಕಾಯಿ ಸಾಕು. ಕಡಿಯುವುದೋ ಹಣ್ಣು ಮಾಡುವುದೋ ಎಂಬ ಆಯ್ಕೆ ಪ್ರತಿ ಸರದಿಯಲ್ಲೂ ಎದುರಾಗುವುದರಿಂದ ಅದು ಲೂಡೋಗಿಂತ ಚುರುಕು. 15 ಆಡು, 3 ಹುಲಿಯ ಆಟ ಇಬ್ಬರಿಗೆ ಅಪ್ಪಟ ಬುದ್ಧಿಯ ಆಟ: ಹುಲಿಗೆ ಹಾರಿ ತಿನ್ನುವ ಬಲ, ಆಡಿಗೆ ಸಂಖ್ಯೆಯ ಬಲ. ಎರಡು ಬದಿಗೂ ಗುರಿ ಬೇರೆ, ನಡೆ ಬೇರೆ. ಅಳಗುಳಿ ಮಣೆಯ 14 ಗುಳಿಗಳನ್ನು ಮೊಟ್ಟೆಯ ಟ್ರೇಯಲ್ಲೂ ಮಾಡಿಕೊಳ್ಳಬಹುದು.

ಹೊಸ ಆಟ ಕೊಳ್ಳುವುದೇ ಆದರೆ ಮೊದಲು ಬೋರ್ಡ್ ಗೇಮ್ ಅರೀನಾ ಜಾಲತಾಣದಲ್ಲಿ ಆಡಿ ನೋಡಿ, ನೂರಾರು ಆಟಗಳು ಅಲ್ಲಿ ಬ್ರೌಸರಿನಲ್ಲೇ ನಡೆಯುತ್ತವೆ, ಅನೇಕವು ಪುಕ್ಕಟೆ. ಎರಡು ಸಲ ಆಡಿದ ಮೇಲೂ ಮತ್ತೆ ಆಡಬೇಕೆನಿಸಿದರೆ ಡಬ್ಬಿ ತನ್ನಿ.

ಮೊದಲ ಮೂರು ಡಬ್ಬಿ

ಒಂದು ಮನೆಗೆ ಮೂರು ಡಬ್ಬಿ ಬಹಳ ದಿನ ಸಾಕು. ಮನೆಯವರೇ ಕೂತಾಗಿನದ್ದು ಒಂದು: ಟಿಕೆಟ್ ಟು ರೈಡ್, ಕಾರ್ಕಸೋನ್, ಅಝುಲ್ ಇವುಗಳಲ್ಲಿ ಯಾವುದಾದರೂ. ಮಕ್ಕಳು ಚಿಕ್ಕವರಾದರೆ ಟಿಕೆಟ್ ಟು ರೈಡ್, ಹೆಚ್ಚಾಗಿ ಇಬ್ಬರೇ ಇರುವುದಾದರೆ ಕಾರ್ಕಸೋನ್. ಅಝುಲ್ ನೋಡಲು ಮುದ್ದಾಗಿದ್ದರೂ ಎದುರಾಳಿಗೆ ಬೇಡದ ಬಿಲ್ಲೆ ತಗುಲಿಸುವ ಕೆಟ್ಟತನ ಅದರಲ್ಲಿದೆ, ಅದನ್ನು ಇಷ್ಟಪಡುವವರಿಗೇ ಕೊಡಿ. ಎರಡನೆಯದು ನೆಂಟರು-ಸ್ನೇಹಿತರು ಸೇರಿದಾಗಿನ ತಂಡದ ಆಟ. ಅದನ್ನು ಮೇಲೆ ಹೇಳಿದಂತೆ ಮನೆಯಲ್ಲೇ ಮಾಡಿಕೊಂಡರೆ ಆ ದುಡ್ಡೂ ಉಳಿಯಿತು. ಮೂರನೆಯದು ಜೇಬಿನಲ್ಲಿ ಹಿಡಿಯುವ ಕಾರ್ಡ್ ಆಟ. ಲವ್ ಲೆಟರ್ (2012) ಮೊದಲು ಬಂದಾಗ ಅದರಲ್ಲಿದ್ದದ್ದು 16 ಕಾರ್ಡು ಅಷ್ಟೇ. ಹನಾಬಿಯ ಮೂಲ ಆಟಕ್ಕೆ 50. ಚಿಕ್ಕ ಡಬ್ಬಿಯ ಕಾರ್ಡ್ ಆಟಗಳೇ ಬೆಲೆಗೆ ಹೆಚ್ಚು ಆಟ ಕೊಡುವವು, ಆದರೂ ದೊಡ್ಡ ಡಬ್ಬಿಯಲ್ಲಿ ಹೆಚ್ಚು ಮಜಾ ಇರುತ್ತದೆಂಬ ಭ್ರಮೆ ಹೋಗುವುದಿಲ್ಲ.

ವಿಸ್ತರಣೆ ಡಬ್ಬಿಗಳನ್ನು ಮೂಲ ಆಟ ಹತ್ತು ಸಲ ಆಗುವವರೆಗೆ ಮುಟ್ಟಬೇಡಿ. ಹೆಚ್ಚಿನವು ನಿಯಮ ಹೆಚ್ಚಿಸುತ್ತವೆ, ಮಜಾ ಹೆಚ್ಚಿಸುವುದು ಕೆಲವೇ. ಕ್ಯಾಟನ್‌ಗೆ 5–6 ಜನರ ವಿಸ್ತರಣೆ ತಂದು ಆರು ಜನ ಕೂತರೆ ಆಟ ಎರಡು ಗಂಟೆ ದಾಟುತ್ತದೆ. ಆ ದುಡ್ಡಿಗೆ ಆರು ಜನರಿಗೆಂದೇ ಮಾಡಿದ ಬೇರೆ ಆಟ ಬರುತ್ತದೆ.

ಹಳೇ ಡಬ್ಬಿ, ನಕಲಿ ಡಬ್ಬಿ

ಯಾರೋ ಆಡಿ ಬಿಟ್ಟ ಡಬ್ಬಿ ಕೊಳ್ಳುವುದು ಒಳ್ಳೆಯ ಉಳಿತಾಯ, ಆದರೆ ದುಡ್ಡು ಕೊಡುವ ಮುಂಚೆ ಎಣಿಸಬೇಕು. ಪುಸ್ತಿಕೆಯ ಮೊದಲ ಪುಟಗಳಲ್ಲೇ ಪಟ್ಟಿ ಇರುತ್ತದೆ. ಟಿಕೆಟ್ ಟು ರೈಡ್ ಮೂಲ ಆವೃತ್ತಿಯಲ್ಲಿ ಐದು ಬಣ್ಣಗಳಲ್ಲಿ 45ರಂತೆ ರೈಲು ಬೋಗಿ, 110 ರೈಲು ಕಾರ್ಡು, 30 ಟಿಕೆಟ್ ಕಾರ್ಡು. ಕ್ಯಾಟನ್‌ನಲ್ಲಿ 19 ಆರುಮೂಲೆ ಬಿಲ್ಲೆ, 95 ಸಂಪನ್ಮೂಲ ಕಾರ್ಡು, 25 ಅಭಿವೃದ್ಧಿ ಕಾರ್ಡು, 18 ಸಂಖ್ಯೆಯ ಬಿಲ್ಲೆ. ಬಣ್ಣಕ್ಕೆ 15 ರಸ್ತೆ, 5 ವಸತಿ, 4 ನಗರ. ಅಝುಲ್‌ನಲ್ಲಿ ಐದು ಬಗೆಯ ಬಿಲ್ಲೆ, ತಲಾ 20. ಇಂಗ್ಲಿಷ್ ಸ್ಕ್ರಾಬಲ್‌ನಲ್ಲಿ 100 ಅಕ್ಷರದ ಬಿಲ್ಲೆ (ಎರಡು ಖಾಲಿ ಬಿಲ್ಲೆಯೂ ಸೇರಿ). ಯುನೊ ಹಳೇ ಮುದ್ರಣದಲ್ಲಿ 108 ಕಾರ್ಡು, ಹೊಸದರಲ್ಲಿ 112.

ಎಲ್ಲ ಕೊರತೆಯೂ ಒಂದೇ ತೂಕದ್ದಲ್ಲ. ಒಂದು ರೈಲು ಬೋಗಿ ಕಳೆದಿದ್ದರೆ ಎಲ್ಲ ಬಣ್ಣದಿಂದಲೂ ಒಂದೊಂದು ತೆಗೆದಿಟ್ಟು ಆಡಬಹುದು. ಮರದ ಕಾಯಿಗೆ ಗುಂಡಿ ಬದಲಿ. ಆದರೆ ಮುಚ್ಚಿ ಹಿಡಿಯುವ ಕಾರ್ಡು ಒಂದು ಕಳೆದರೂ, ಅಥವಾ ಒಂದರ ಮೂಲೆ ಮಡಿಸಿದ್ದರೂ, ಆಟವೇ ಕೆಟ್ಟಿತು. ಲವ್ ಲೆಟರ್‌ನಂಥ ಕಡಿಮೆ ಕಾರ್ಡಿನ ಆಟಗಳಲ್ಲಿ ಇದು ಇನ್ನೂ ದೊಡ್ಡ ದೋಷ, ಹದಿನಾರರಲ್ಲಿ ಒಂದರ ಗುರುತು ಎಲ್ಲರಿಗೂ ಬೇಗ ಬಾಯಿಪಾಠವಾಗುತ್ತದೆ.

ಜನಪ್ರಿಯ ಆಟಗಳಿಗೆ ನಕಲಿ ಡಬ್ಬಿಗಳೂ ಇವೆ. ಮೂಲ ಬೆಲೆಯ ಅರ್ಧಕ್ಕೂ ಕಡಿಮೆ, ಹೆಸರೇ ಕೇಳದ ಮಾರಾಟಗಾರ, ಡಬ್ಬಿಯ ಮೇಲೆ ಪ್ರಕಾಶಕರ ಲಾಂಛನವಿಲ್ಲ ಅಥವಾ ಮಸುಕಾಗಿದೆ ಎಂದರೆ ಅನುಮಾನಿಸಿ. ತೆರೆದಾಗ ಕಾಣುವ ದೋಷಗಳು: ಬಿಲ್ಲೆಗಳ ಚಿತ್ರ ಅಂಚಿಗೆ ಸರಿದಿರುವುದು, ಕಾರ್ಡು ಬೆಳಕಿಗೆ ಹಿಡಿದರೆ ಪಾರದರ್ಶಕವಾಗಿರುವುದು, ಹಲಗೆ ಬಿಚ್ಚಿದರೆ ಮಟ್ಟಸವಾಗಿ ಕೂರದಿರುವುದು, ಮರದ ಬದಲು ಹಗುರ ಪ್ಲಾಸ್ಟಿಕ್. ಬಿಲ್ಲೆಗಳ ಹಿಂಬದಿಯ ಬಣ್ಣ ಒಂದೊಂದಕ್ಕೂ ತುಸು ಬೇರೆಯಿದ್ದರೆ ಕಾರ್ಕಸೋನ್ ಆಡುವುದರಲ್ಲಿ ಅರ್ಥವಿಲ್ಲ, ಮುಂದೆ ಏನು ಬರಲಿದೆ ಎಂದು ತಿಳಿದುಹೋಗುತ್ತದೆ.

ಮೊದಲ ದಿನ ಹೇಳಿಕೊಡುವುದು

ಒಳ್ಳೆಯ ಆಟಗಳು ಮೂಲೆಗೆ ಬೀಳುವುದು ಮೊದಲ ದಿನದ ಪಾಠ ಕೆಟ್ಟದ್ದರಿಂದ. ಎಲ್ಲರೂ ಕೂತ ಮೇಲೆ ಪ್ಲಾಸ್ಟಿಕ್ ಹರಿದು ಪುಸ್ತಿಕೆಯನ್ನು ಜೋರಾಗಿ ಓದತೊಡಗಿದರೆ ಹತ್ತನೇ ನಿಮಿಷಕ್ಕೆ ಅರ್ಧ ಜನ ಎದ್ದಿರುತ್ತಾರೆ. ಹಿಂದಿನ ದಿನವೇ ಒಬ್ಬರು ಪುಸ್ತಿಕೆ ಓದಿ, ಇಬ್ಬರ ಕೈಯನ್ನೂ ತಾವೇ ಆಡಿ ಐದಾರು ಸರದಿ ನಡೆಸಿ ನೋಡಬೇಕು. ಸಂಶಯಗಳು ಅಲ್ಲೇ ಬರುತ್ತವೆ, ಅಲ್ಲೇ ಬಗೆಹರಿಯುತ್ತವೆ.

ಹೇಳುವಾಗ ಗೆಲ್ಲುವುದು ಹೇಗೆ ಎಂಬುದು ಮೊದಲು. ಆಮೇಲೆ ಆಟ ಯಾವಾಗ ಮುಗಿಯುತ್ತದೆ, ಆಮೇಲೆ ಒಂದು ಸರದಿಯಲ್ಲಿ ಏನೇನು ಮಾಡಬಹುದು. ವಿನಾಯಿತಿಗಳನ್ನು ಅವು ಎದುರಾದಾಗಲೇ ಹೇಳಿದರೆ ಸಾಕು, ಆದರೆ ಯಾರಿಗಾದರೂ ಪೆಟ್ಟು ಕೊಡುವ ನಿಯಮವನ್ನು (ಟಿಕೆಟ್ ಟು ರೈಡ್‌ನಲ್ಲಿ ಮುಗಿಸದ ಟಿಕೆಟ್ಟಿನ ಅಂಕ ಕಳೆಯುವುದು) ಮೊದಲೇ ಹೇಳಬೇಕು. ಇಲ್ಲದಿದ್ದರೆ ಕೊನೆಯಲ್ಲಿ ‘ಮೊದಲೇ ಯಾಕೆ ಹೇಳಲಿಲ್ಲ’ ಎಂಬ ಜಗಳ. ಮೊದಲ ಎರಡು ಸುತ್ತು ಎಲ್ಲರೂ ಕಾರ್ಡು ತೆರೆದಿಟ್ಟು ಆಡಿ, ನಂತರ ಮತ್ತೆ ಕಲೆಸಿ ಮೊದಲಿನಿಂದ ಶುರುಮಾಡಿ. ಹೇಳಿಕೊಟ್ಟವರು ಮೊದಲ ಆಟದಲ್ಲಿ ಗೆಲ್ಲುವ ಆತುರ ತೋರದಿದ್ದರೆ ಒಳಿತು. ಯೋಚಿಸುತ್ತಲೇ ಕೂರುವವರಿದ್ದರೆ ಒಂದು ನಿಮಿಷದ ಮರಳು ಗಡಿಯಾರ ಇಡಿ, ಒಬ್ಬರ ಮುಂದೆ ಮಾತ್ರವಲ್ಲ, ಎಲ್ಲರ ಸರದಿಗೂ.

ಬಾಳಿಕೆ

ರಬ್ಬರ್ ಬ್ಯಾಂಡ್ ಕಾರ್ಡಿನ ಶತ್ರು. ಅಂಚಿನಲ್ಲಿ ಕಚ್ಚು ಬೀಳುತ್ತದೆ, ವರ್ಷ ಕಳೆದರೆ ರಬ್ಬರು ಕರಗಿ ಅಂಟಿಕೊಳ್ಳುತ್ತದೆ. ಕಾಗದದ ಪಟ್ಟಿ ಸುತ್ತಿ ಅಥವಾ ಜಿಪ್ ಇರುವ ಚಿಕ್ಕ ಚೀಲದಲ್ಲಿಡಿ. ಬಣ್ಣಕ್ಕೊಂದು ಚೀಲ ಮಾಡಿದರೆ ಹರಡುವ ಹತ್ತು ನಿಮಿಷ ಮೂರಕ್ಕಿಳಿಯುತ್ತದೆ, ಆಟ ಮತ್ತೆ ಮತ್ತೆ ಹೊರಬರಲು ಇದೂ ಒಂದು ಕಾರಣ. ಮುಚ್ಚಿ ಹಿಡಿಯುವ ಕಾರ್ಡುಗಳಿಗೆ ಪ್ಲಾಸ್ಟಿಕ್ ಸ್ಲೀವ್ ಹಾಕಬಹುದು, ಎಲ್ಲ ಡಬ್ಬಿಗೂ ಹಾಕುವುದು ದುಂದು. ಸ್ಲೀವ್ ತರುವ ಮೊದಲು ಕಾರ್ಡನ್ನು ಸ್ಕೇಲಿನಿಂದ ಅಳೆಯಿರಿ. ಬಹಳ ಆಟಗಳ ಕಾರ್ಡು 63 × 88 ಮಿ.ಮೀ., ಆದರೆ ಎಲ್ಲವೂ ಅಲ್ಲ.

ತೇವ ತಗುಲಿ ಹಲಗೆ ಬಿಲ್ಲಿನಂತೆ ಬಾಗಿದರೆ ಎರಡು ಸಮತಟ್ಟಾದ ಮಣೆಗಳ ನಡುವೆ ಇಟ್ಟು ಮೇಲೆ ಭಾರ ಹೇರಿ ಎರಡು ದಿನ ಬಿಡಿ. ಬಿಸಿಲಿಗಿಟ್ಟರೆ ಬಣ್ಣ ಮಾಸುತ್ತದೆ, ಬಾಗು ಇನ್ನೊಂದು ಬದಿಗೆ ತಿರುಗುತ್ತದೆ. ಮಳೆಗಾಲದಲ್ಲಿ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ, ಚಿಕ್ಕ ಮಕ್ಕಳಿದ್ದರೆ ಅದನ್ನು ಅವರ ಕೈಗೆ ಸಿಗದಂತೆ ಮುಚ್ಚಳಕ್ಕೆ ಟೇಪ್ ಹಚ್ಚಿ ಅಂಟಿಸಿ. ಅದೇ ಮುಚ್ಚಳದ ಒಳಬದಿಗೆ ಕಾಯಿ-ಕಾರ್ಡುಗಳ ಸಂಖ್ಯೆ ಬರೆದ ಚೀಟಿಯನ್ನೂ ಅಂಟಿಸಿ, ಆಟ ಮುಗಿದ ಕೂಡಲೇ, ಎಲ್ಲರೂ ಏಳುವ ಮೊದಲೇ, ಅದರಂತೆ ಎಣಿಸಿ ಒಳಗಿಡಿ. ಅಂದೇ ಹುಡುಕಿದರೆ ಕಾಯಿ ಕುರ್ಚಿಯ ಕೆಳಗೇ ಸಿಗುತ್ತದೆ, ಮಾರನೆಯ ದಿನ ಕಸಬರಿಗೆಯ ಪಾಲು.